ಕುಡಿತ ಬಿಡಿಸಲು ಹತ್ತು ದಿನದ ಆಸ್ಪತ್ರೆವಾಸ ಸಾಲದು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಇತ್ತೀಚೆಗೆ ಕುಂಬಳೆ ಕಡೆಯವರೊಬ್ಬರು ಪತ್ರ ಬರೆದು, ಕುಡಿತದಿಂದ ಕೆಲಸ ಕಳೆದುಕೊಂಡ ತಮ್ಮ ಅಣ್ಣನನ್ನು ಹತ್ತು ದಿನ ಆಸ್ಪತ್ರೆಯಲ್ಲಿರಿಸಿ ಡಿಟಾಕ್ಸ್, ಅಂದರೆ ಕುಡಿತ ನಿಲ್ಲಿಸಿದಾಗಿನ ತೊಂದರೆಗಳಿಗೆ ಚಿಕಿತ್ಸೆ, ಮಾಡಿಸಬೇಕೇ ಅಥವಾ ತಿಂಗಳುಗಟ್ಟಲೆ ಇರಿಸಿಕೊಳ್ಳುವ ಪುನರ್ವಸತಿ ಕೇಂದ್ರಕ್ಕೆ ಸೇರಿಸಬೇಕೇ, ಎರಡರಲ್ಲಿ ಯಾವುದು ಮೇಲು ಎಂದು ಕೇಳಿದ್ದರು. ಮಂಗಳೂರಿನ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಶುಶ್ರೂಷಕಿಯಾಗಿ ದುಡಿದು, ನಿವೃತ್ತಳಾಗಿ ಬದಿಯಡ್ಕದಲ್ಲಿ ನೆಲೆಸಿರುವ ನನ್ನ ಬಳಿಗೂ ಇದೇ ಪ್ರಶ್ನೆಯನ್ನು ಹೊತ್ತು ತಾಯಂದಿರು, ಹೆಂಡತಿಯರು, ಅಕ್ಕತಂಗಿಯರು ಬರುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಇವೆರಡೂ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವ ಚಿಕಿತ್ಸೆಗಳಲ್ಲ. ಮೊದಲನೆಯದು ದೇಹವನ್ನು ಅಪಾಯದಿಂದ ಪಾರುಮಾಡುವ ಕೆಲವು ದಿನಗಳ ಕೆಲಸವಾದರೆ, ಎರಡನೆಯದು ಮನುಷ್ಯನು ಕುಡಿಯದೆ ಬದುಕುವುದನ್ನು ಮತ್ತೆ ಕಲಿಯುವ ದೀರ್ಘಕಾಲದ ಕೆಲಸ. ನಮ್ಮ ಕಾಸರಗೋಡಿನ ಕನ್ನಡ ಕುಟುಂಬಗಳಿಗೆ ಮೊದಲನೆಯದು ಹೇಗೋ ದೊರೆಯುತ್ತದೆ; ಎರಡನೆಯದು ನಮ್ಮ ಭಾಷೆಯಲ್ಲಿ, ನಮ್ಮ ಊರಿನ ಸಮೀಪದಲ್ಲಿ ದೊರೆಯುವುದು ಕಷ್ಟ ಎಂಬುದೇ ನನ್ನ ಮುಖ್ಯ ಅಳಲು.

ಮೊದಲು ದೇಹದ ಮಾತು. ವರ್ಷಗಟ್ಟಲೆ ದಿನವೂ ಕುಡಿಯುವವರ ಮಿದುಳು, ಮದ್ಯವು ತನ್ನನ್ನು ಮಂಕಾಗಿಸುತ್ತದೆ ಎಂಬುದಕ್ಕೆ ಒಗ್ಗಿಕೊಂಡು, ಅದನ್ನು ಸರಿದೂಗಿಸಲು ತನ್ನ ಚಟುವಟಿಕೆಯನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯವನ್ನು ಒಮ್ಮೆಲೇ ನಿಲ್ಲಿಸಿದಾಗ ಆ ಹೆಚ್ಚಿದ ಚಟುವಟಿಕೆಗೆ ತಡೆಯೇ ಇಲ್ಲದಂತಾಗುತ್ತದೆ. ಕೊನೆಯ ಕುಡಿತದ ಆರೇಳು ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಕರಿಕೆ, ಎದೆ ಹೊಡೆತ ಶುರುವಾಗಬಹುದು. ಮೊದಲ 48 ಗಂಟೆಗಳೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನ ಕಳೆದು ನಾಲ್ಕನೆಯ ದಿನದೊಳಗೆ ಕೆಲವರು ಡೆಲಿರಿಯಮ್ ಎಂದು ವೈದ್ಯರು ಹೇಳುವ ಸ್ಥಿತಿಗೆ ಇಳಿಯುತ್ತಾರೆ. ಆಗ ರೋಗಿಗೆ ಹಗಲು ರಾತ್ರಿಯ ಪರಿವೆ ಇರುವುದಿಲ್ಲ, ಗೋಡೆಯ ಮೇಲೆ ಹುಳುಗಳು ಹರಿಯುವುದು ಕಾಣುತ್ತದೆ, ಸತ್ತುಹೋದವರ ದನಿ ಕೇಳುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣಾಂತಿಕ.

ನಮ್ಮ ಮನೆಗಳಲ್ಲಿ ಇದನ್ನು ಗುರುತಿಸುವುದರಲ್ಲೇ ತಪ್ಪಾಗುತ್ತದೆ. ಮೂರನೆಯ ರಾತ್ರಿ ಗಂಡಸು ಇಲ್ಲದವರೊಡನೆ ಮಾತನಾಡತೊಡಗಿದರೆ ಅದು ಪ್ರೇತದ ಉಪದ್ರವೆಂದು ತಿಳಿದು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಲು ಓಡುವವರಿದ್ದಾರೆ. ಯಾರ ನಂಬಿಕೆಯನ್ನೂ ನಾನು ಹಳಿಯುವುದಿಲ್ಲ, ಆದರೆ ಆ ಹೊತ್ತಿನಲ್ಲಿ ಆಸ್ಪತ್ರೆಗೆ ಮೊದಲು ಹೋಗಿ, ಉಳಿದದ್ದು ಆಮೇಲೆ ಇರಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಇನ್ನೊಂದು ಬಗೆಯೂ ಇದೆ. ಅಡಿಕೆ ಮರದಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡ ಕೆಲಸಗಾರನನ್ನು ಸೇರಿಸುವಾಗ, ದಿನವೂ ಕುಡಿಯುತ್ತಾನೆಂಬ ಸಂಗತಿಯನ್ನು ಮನೆಯವರು ನಾಚಿಕೆಯಿಂದ ಮುಚ್ಚಿಡುತ್ತಾರೆ. ಎಲುಬಿನ ಆಪರೇಷನ್ ಸರಿಯಾಗಿ ನಡೆದು ಎಲ್ಲರೂ ನಿರಾಳವಾಗಿರುವಾಗ ಮೂರನೆಯ ದಿನ ಆತ ಡ್ರಿಪ್ ಕಿತ್ತೊಗೆದು ಮಂಚದಿಂದಿಳಿಯಲು ನೋಡುತ್ತಾನೆ. ವಾರ್ಡಿನಲ್ಲಿ ಇಂಥವರನ್ನು ಎಷ್ಟೋ ಬಾರಿ ಕಂಡಿದ್ದೇನೆ. ಯಾವ ಕಾಯಿಲೆಗೆ ಆಸ್ಪತ್ರೆ ಸೇರಿದರೂ ಕುಡಿತದ ಪ್ರಮಾಣ ಮತ್ತು ಕೊನೆಯ ಬಾರಿ ಕುಡಿದ ಹೊತ್ತನ್ನು ಇದ್ದದ್ದಿದ್ದಂತೆ ಹೇಳಬೇಕು. ಅದರಿಂದ ಮರ್ಯಾದೆ ಹೋಗುವುದಿಲ್ಲ, ಜೀವ ಉಳಿಯುತ್ತದೆ.

ಡಿಟಾಕ್ಸ್ ಎಂದರೆ ಈ ಅಪಾಯದ ದಿನಗಳನ್ನು ಔಷಧದ ನೆರವಿನಿಂದ ದಾಟಿಸುವುದು. ಡಯಜೆಪಾಮ್ ಅಥವಾ ಕ್ಲೋರ್‌ಡಯಜೆಪಾಕ್ಸೈಡ್ ಗುಳಿಗೆಯನ್ನು, ಲಿವರ್ ಕೆಟ್ಟಿದ್ದರೆ ಲೋರಜೆಪಾಮ್ ಅನ್ನು, ಮೊದಲು ಸಾಕಷ್ಟು ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾ ಬರುತ್ತಾರೆ. ಸಾಮಾನ್ಯವಾಗಿ ಐದರಿಂದ ಹತ್ತು ದಿನಗಳಲ್ಲಿ ಇದು ಮುಗಿಯುತ್ತದೆ. ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ-1, ಇಂಜೆಕ್ಷನ್ ಕೊಡುತ್ತಾರೆ. ಊಟ ಬಿಟ್ಟು ಕುಡಿಯುವವರಲ್ಲಿ ಇದರ ಕೊರತೆಯಿಂದ ಮಿದುಳಿಗೆ ಶಾಶ್ವತ ಹಾನಿಯಾಗಿ ನೆನಪಿನ ಶಕ್ತಿಯೇ ಅಳಿಯಬಹುದು. ‘ನಿತ್ರಾಣವಾಗಿದೆ, ಒಂದು ಬಾಟಲಿ ಗ್ಲೂಕೋಸ್ ಏರಿಸಿ’ ಎಂದು ಚಿಕ್ಕ ಕ್ಲಿನಿಕ್‌ಗಳಲ್ಲಿ ಒತ್ತಾಯಿಸುವ ನೆಂಟರು ಗಮನಿಸಬೇಕಾದದ್ದು ಇದನ್ನೇ: ಇಂಥ ರೋಗಿಗೆ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸುವುದು ಒಳ್ಳೆಯದಲ್ಲ.

ಕುಡಿಯುವ ಎಲ್ಲರಿಗೂ ಆಸ್ಪತ್ರೆವಾಸದ ಡಿಟಾಕ್ಸ್ ಬೇಕಿಲ್ಲ. ಬೆಳಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಿಲ್ಲದವರು, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಕಂಡವರು, ಲಿವರ್, ಹೃದಯ, ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದವರು ದಾಖಲಾಗಿಯೇ ಬಿಡಬೇಕು. ಉಳಿದವರಿಗೆ ವೈದ್ಯರು ಮನೆಯಲ್ಲೇ ಗುಳಿಗೆ ಕೊಟ್ಟು ದಿನ ಬಿಟ್ಟು ದಿನ ನೋಡಬಹುದು. ಗುಳಿಗೆಯ ಚೀಟಿ ಹೆಂಡತಿಯ ಅಥವಾ ತಾಯಿಯ ಕೈಯಲ್ಲಿರಬೇಕೆಂಬುದು ನನ್ನ ಅನುಭವದ ಮಾತು.

ಮಂಡಲ ಕಾಲದಲ್ಲಿ ಶಬರಿಮಲೆಗೆ ಮಾಲೆ ಧರಿಸಿ ನಲವತ್ತೊಂದು ದಿನ ಒಂದು ಹನಿಯನ್ನೂ ಮುಟ್ಟದವರು ನಮ್ಮ ಊರೂರಲ್ಲಿ ಇದ್ದಾರೆ. ಅವರ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ವಿಪರೀತ ಕುಡಿಯುವವರು ಮಾತ್ರ ಮಾಲೆ ಹಾಕುವ ಮುನ್ನ ವೈದ್ಯರನ್ನು ಕಾಣಲಿ ಎಂದು ಗುರುಸ್ವಾಮಿಗಳು ಒಂದು ಮಾತು ಹೇಳಿದರೆ ದೊಡ್ಡ ಉಪಕಾರವಾಗುತ್ತದೆ. ಇಲ್ಲಿ ನಾವು ನೋಡಬೇಕಾದ ಇನ್ನೊಂದು ವಿಚಾರವಿದೆ. ನಲವತ್ತೊಂದು ದಿನ ಬಿಟ್ಟು ಇರಬಲ್ಲವನು ಮಾಲೆ ತೆಗೆದ ವಾರದೊಳಗೆ ಪುನಃ ಅಂಗಡಿಯ ಮುಂದೆ ನಿಲ್ಲುವುದೇಕೆ? ಬಿಡುವುದು ಅವನಿಗೆ ಸಾಧ್ಯವಾಗಿದೆ, ಬಿಟ್ಟ ಮೇಲೆ ಹಾಗೆಯೇ ಉಳಿಯುವುದು ಸಾಧ್ಯವಾಗಿಲ್ಲ. ದೇಹದಲ್ಲಿ ಮದ್ಯದ ಲವಲೇಶವೂ ಇಲ್ಲದಿದ್ದರೂ ಸಂಜೆಯ ಹೊತ್ತು, ಕೂಲಿಯ ಹಣ, ಹಳೆಯ ಗೆಳೆಯರ ಕರೆ, ನಿದ್ದೆ ಬಾರದ ರಾತ್ರಿ, ಸಾಲಗಾರನ ಮುಖ ಇವೆಲ್ಲ ಮೊದಲಿದ್ದಲ್ಲೇ ಇರುತ್ತವೆ. ಹುಣಿ, ಅಂದರೆ ಗದ್ದೆಯ ಬದು, ಒಡೆದು ಗದ್ದೆಗೆ ನುಗ್ಗಿದ ನೀರನ್ನು ಬಸಿದು ಹಾಕಿ, ಹುಣಿಯನ್ನು ಹಾಗೆಯೇ ಬಿಟ್ಟು ಬಂದರೆ ಏನಾಗುತ್ತದೆಂದು ಬೇಸಾಯ ಮಾಡಿದವರಿಗೆ ನಾನು ಹೇಳಬೇಕಾಗಿಲ್ಲ. ಡಿಟಾಕ್ಸ್ ಒಂದನ್ನೇ ಮಾಡಿಸಿ ಮನೆಗೆ ಕರೆತಂದವರಲ್ಲಿ ಬಹುಪಾಲು ಜನ ಮತ್ತೆ ಕುಡಿಯುವುದು ಈ ಕಾರಣಕ್ಕೆ. ಅವರು ಕೆಟ್ಟವರೆಂದಾಗಲಿ, ಔಷಧಿ ಸೋತಿತೆಂದಾಗಲಿ ಅಲ್ಲ.

ಪುನರ್ವಸತಿಯಲ್ಲಿ ನಡೆಯುವುದು ಮುಖ್ಯವಾಗಿ ಮಾತು. ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ, ಯಾವ ಬೇಸರದಲ್ಲಿ ಕುಡಿಯುವ ಆಸೆ ಮೇಲೇಳುತ್ತದೆಂದು ರೋಗಿಯೇ ಗುರುತಿಸುವಂತೆ ಮಾಡುವುದು, ಆಸೆ ಎದ್ದಾಗ ಅದನ್ನು ದಾಟುವ ದಾರಿಯನ್ನು ಅಭ್ಯಾಸ ಮಾಡಿಸುವುದು, ಕುಟುಂಬದವರನ್ನು ಕೂರಿಸಿ ಹಳೆಯ ನೋವುಗಳನ್ನು ಮಾತನಾಡಿಸುವುದು, ದಿನಚರಿ ಮತ್ತು ದುಡಿಮೆಯನ್ನು ಹಳಿಗೆ ತರುವುದು. ಇದರ ಜೊತೆಗೆ ಔಷಧಗಳೂ ಇವೆ. ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬವು ಕುಡಿಯುವ ತುಡಿತವನ್ನು ತಗ್ಗಿಸಲು ಸಹಕಾರಿ. ಡೈಸಲ್ಫಿರಾಮ್ ಎಂಬ ಇನ್ನೊಂದು ಗುಳಿಗೆ ಬೇರೆ ಜಾತಿಯದು. ಅದನ್ನು ನುಂಗಿದವರು ಕುಡಿದರೆ ಮೈ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿ ತಿಳಿದು, ಒಪ್ಪಿ ಸೇವಿಸಿದರೆ ಮಾತ್ರ ಇದರಿಂದ ಪ್ರಯೋಜನ. ‘ಕುಡಿತ ಬಿಡಿಸುವ ಪುಡಿ’ ಎಂದು ಯಾರೋ ಮಾರುವುದನ್ನು ತಂದು ಕಾಫಿಗೋ ಸಾರಿಗೋ ಗುಟ್ಟಾಗಿ ಬೆರೆಸುವ ತಾಯಂದಿರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಪುಡಿಯಲ್ಲಿ ಏನಿದೆಯೆಂದು ಅವರಿಗೆ ತಿಳಿದಿರುವುದಿಲ್ಲ. ಅದರಲ್ಲಿ ಈ ಔಷಧವೇ ಇದ್ದರಂತೂ, ತಿಳಿಯದೆ ಕುಡಿದ ಮಗನ ಹೃದಯವೇ ನಿಲ್ಲುವ ಅಪಾಯವಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಪುನರ್ವಸತಿ ಎಂದೊಡನೆ ಬೀಗ ಹಾಕಿದ ಕಟ್ಟಡವೇ ಕಣ್ಣ ಮುಂದೆ ಬರಬೇಕಾಗಿಲ್ಲ. ಮನೆಯಲ್ಲಿ ಆಸರೆಯಿದ್ದು, ದುಡಿಮೆ ಇನ್ನೂ ಕೈಯಲ್ಲಿರುವವರಿಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ, ತಿಂಗಳಿಗೊಮ್ಮೆ ವೈದ್ಯರ ಭೇಟಿ, ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್‌ನಂಥ ಗುಂಪಿನ ಸಭೆ ಇಷ್ಟರಿಂದಲೇ ದಾರಿ ಸಿಗಬಹುದು. ಹಲವು ಸಲ ಬಿಟ್ಟು ಹಲವು ಸಲ ಬಿದ್ದವರಿಗೆ, ಮನೆಯಲ್ಲಿ ಇನ್ನೊಬ್ಬರೂ ಕುಡಿಯುವವರಿದ್ದರೆ, ಖಿನ್ನತೆಯೋ ಆತ್ಮಹತ್ಯೆಯ ಯೋಚನೆಯೋ ಜೊತೆಗಿದ್ದರೆ ಒಳರೋಗಿಯಾಗಿ ಇರುವುದು ಲೇಸು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಮ್ಮ ಕಡೆಯ ಜನ ಬಲ್ಲರು. ಆ ಶಿಬಿರಗಳಲ್ಲಿ ನನಗೆ ಎಲ್ಲಕ್ಕಿಂತ ಮೌಲ್ಯದ್ದಾಗಿ ಕಾಣುವುದು ಶಿಬಿರ ಮುಗಿದ ಮೇಲೆ ಬಿಟ್ಟವರೇ ಸೇರಿ ನಡೆಸುವ ನವಜೀವನ ಸಮಿತಿಗಳ ಕೂಟ. ಎಂಟು ದಿನಕ್ಕೆ ಹೋಗಿ, ಆಮೇಲಿನ ಕೂಟಕ್ಕೆ ಹೋಗದೆ ಉಳಿಯುವವರು ಅರ್ಧ ದಾರಿಯಲ್ಲೇ ಇಳಿದುಬಿಡುತ್ತಾರೆ.

ಮಾದಕ ವಸ್ತುಗಳ ವಿಚಾರದಲ್ಲಿ ಲೆಕ್ಕಾಚಾರ ಬೇರೆಯಾಗುತ್ತದೆ, ಚುಟುಕಾಗಿ ಹೇಳುತ್ತೇನೆ. ಹೆರಾಯಿನ್‌ನಂಥ ಅಫೀಮಿನ ಬಗೆಯವನ್ನು ನಿಲ್ಲಿಸಿದಾಗ ಮೈಕೈ ನೋವು, ಭೇದಿ, ಚಡಪಡಿಕೆ ವಿಪರೀತವಾಗಿದ್ದರೂ ಅದರಿಂದ ಸಾವು ಬರುವುದು ಅಪರೂಪ. ಸಾವು ಬರುವುದು ಆಮೇಲೆ: ಬಿಟ್ಟ ಕೆಲವು ವಾರಗಳಲ್ಲಿ ದೇಹದ ತಾಳಿಕೆ ಕುಗ್ಗಿರುವಾಗ ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಹಾಗಾಗಿ ಇಂಥವರಿಗೆ ಡಿಟಾಕ್ಸ್ ಮಾತ್ರ ಮಾಡಿಸಿ ಬಿಡುವುದು ಏನೂ ಮಾಡಿಸದಿರುವುದಕ್ಕಿಂತಲೂ ಅಪಾಯಕರವಾಗಬಹುದು. ಬ್ಯೂಪ್ರಿನಾರ್ಫಿನ್‌ನಂಥ ಬದಲಿ ಔಷಧವನ್ನು ವೈದ್ಯರ ಉಸ್ತುವಾರಿಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿಸಬೇಕಾಗುತ್ತದೆ. ಮಂಗಳೂರು–ಕಾಸರಗೋಡು ಹಾದಿಯಲ್ಲಿ ಪೊಲೀಸರು ಮತ್ತೆ ಮತ್ತೆ ಹಿಡಿಯುತ್ತಿರುವ ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತುವಿನ ಚಟಕ್ಕೆ ಅಂಥ ಬದಲಿ ಔಷಧವೇ ಇಲ್ಲ. ಬಿಟ್ಟ ದಿನಗಳಲ್ಲಿ ಹುಡುಗರು ಸುಮ್ಮನೆ ಮಲಗಿರುತ್ತಾರೆ, ಮನಸ್ಸು ಕುಸಿಯುತ್ತದೆ, ಜೀವ ಬೇಡವೆನಿಸುತ್ತದೆ. ಆಗ ಅವರನ್ನು ಒಂಟಿಯಾಗಿ ಬಿಡಬಾರದು. ನಿದ್ದೆ ಗುಳಿಗೆಗೆ ಅಂಟಿಕೊಂಡವರು ಮಾತ್ರ ಎಂದೂ ಒಮ್ಮೆಲೇ ನಿಲ್ಲಿಸಬಾರದು, ಮದ್ಯದಂತೆಯೇ ಅಲ್ಲಿಯೂ ಫಿಟ್ಸ್ ಬರುವುದುಂಟು. ಚಿಕಿತ್ಸೆಗೆ ಹೋದರೆ ಕೇಸು ಬೀಳುತ್ತದೆಂದು ಹೆದರಿ ಮಕ್ಕಳನ್ನು ಮುಚ್ಚಿಡುವ ಹೆತ್ತವರು, ಮಾದಕ ವಸ್ತುಗಳ ನಿಯಂತ್ರಣಕ್ಕಾಗಿ ಇರುವ 1985ರ ಎನ್‌ಡಿಪಿಎಸ್ ಕಾಯಿದೆಯ 64ಎ ಕಲಮಿನಲ್ಲಿ, ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಬಯಸುವ ವ್ಯಸನಿಗೆ ರಕ್ಷಣೆ ಇದೆಯೆಂಬುದನ್ನು ವಕೀಲರಿಂದ ಕೇಳಿ ತಿಳಿದುಕೊಳ್ಳಬೇಕು.

ಕೇಂದ್ರವನ್ನು ಆರಿಸುವಾಗ ಹೊರಗಿನ ಬೋರ್ಡನ್ನು ನಂಬಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳ ಸೇವನೆಯಿಂದುಂಟಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅದರ ಪ್ರಕಾರ ಇಂಥವರನ್ನು ಇರಿಸಿಕೊಳ್ಳುವ ಸಂಸ್ಥೆಗೆ ನೋಂದಣಿ ಬೇಕು. ಯಾರನ್ನೂ ಸರಪಳಿಯಿಂದ ಕಟ್ಟುವಂತಿಲ್ಲ. ರೋಗಿಯ ಒಪ್ಪಿಗೆಯಿಲ್ಲದ ದಾಖಲಾತಿಗೆ ವೈದ್ಯಕೀಯ ತಪಾಸಣೆಯೂ ಮೂವತ್ತು ದಿನಗಳ ಮಿತಿಯೂ ಇದ್ದು, ಅದನ್ನು ಮುಂದುವರಿಸಬೇಕಾದರೆ ಬೇರೆಯೇ ಕ್ರಮವಿದೆ. ಆದರೂ ರಾತ್ರೋರಾತ್ರಿ ಜೀಪಿನಲ್ಲಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗಿ, ಮೂರು ತಿಂಗಳು ಮನೆಯವರೊಡನೆ ಫೋನಿನಲ್ಲೂ ಮಾತನಾಡಗೊಡದ ಕೇಂದ್ರಕ್ಕೆ ಕತ್ತಿನ ಸರ ಅಡವಿಟ್ಟು ದುಡ್ಡು ಕಟ್ಟಿದ ಕುಟುಂಬವೊಂದನ್ನು ನಾನು ಬಲ್ಲೆ. ಆ ಮನುಷ್ಯ ಹಿಂದಿರುಗಿದಾಗ ಮೈಯಲ್ಲಿ ಬಾಸುಂಡೆಗಳಿದ್ದವು, ಮನಸ್ಸಿನಲ್ಲಿ ಹೆಂಡತಿಯ ಮೇಲೆ ಆರದ ಸಿಟ್ಟಿತ್ತು, ಕುಡಿತ ಆ ವಾರವೇ ಮರಳಿತು. ಸೇರಿಸುವ ಮುನ್ನ ಒಮ್ಮೆ ಹೋಗಿ ನೋಡಿ. ನೋಂದಣಿ ಪತ್ರ ಕೇಳಿ, ಮನೋವೈದ್ಯರು ಯಾವ ದಿನ ಬರುತ್ತಾರೆಂದು ಕೇಳಿ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರೆಂದು ಕೇಳಿ, ಬಿಡುಗಡೆಯ ನಂತರ ಯಾರು ವಿಚಾರಿಸುತ್ತಾರೆಂದು ಕೇಳಿ. ‘ನೂರಕ್ಕೆ ನೂರು ಗ್ಯಾರಂಟಿ’ ಎಂದವರ ಮೆಟ್ಟಿಲಿಳಿದು ಬನ್ನಿ.

ಇನ್ನು ನಮ್ಮ ಗಡಿನಾಡಿನ ಸಂಕಷ್ಟ. ಕೇರಳ ಸರಕಾರದ ವಿಮುಕ್ತಿ ಯೋಜನೆಯಲ್ಲಿ ಜಿಲ್ಲೆಗೊಂದರಂತೆ ಚಿಕಿತ್ಸಾ ಕೇಂದ್ರಗಳಿದ್ದು, ನಮ್ಮ ಜಿಲ್ಲೆಯದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಖಾಸಗಿಯಲ್ಲಿ ಸಾವಿರಾರು ರೂಪಾಯಿ ಸುರಿಯಲಾಗದವರಿಗೆ ಇದು ದೊಡ್ಡ ಆಸರೆ, ಮತ್ತು ಅಲ್ಲಿ ದುಡಿಯುವವರ ಮೇಲೆ ನನ್ನ ದೂರು ಯಾವುದೂ ಇಲ್ಲ. ಆದರೆ ಮಂಜೇಶ್ವರದವರಿಗೆ ನೀಲೇಶ್ವರ ಅರುವತ್ತು ಕಿಲೋಮೀಟರಿಗೂ ದೂರ. ಪೈವಳಿಕೆ, ಎಣ್ಮಕಜೆ, ಬೆಳ್ಳೂರಿನ ಒಳಹಳ್ಳಿಗಳಿಂದ ಬಸ್ಸು ಬದಲಿಸುತ್ತಾ ಹೋಗಿ ಬರಲು ಒಂದು ದಿನದ ಕೂಲಿ ಪೂರ್ತಿ ಹೋಗುತ್ತದೆ. ಒಮ್ಮೆ ದಾಖಲಾಗಲು ಹೇಗೋ ಹೋಗಬಹುದು, ಆಮೇಲೆ ವಾರ ವಾರವೂ ಹೋಗಬೇಕೆಂದರೆ ಯಾರು ಹೋಗುತ್ತಾರೆ?

ದೂರಕ್ಕಿಂತ ದೊಡ್ಡ ತೊಡಕು ಭಾಷೆ. ಡಿಟಾಕ್ಸ್‌ನ ಗುಳಿಗೆ ಯಾವ ಭಾಷೆಯ ರೋಗಿಗೂ ಒಂದೇ ರೀತಿ ಕೆಲಸ ಮಾಡುತ್ತದೆ. ಆಪ್ತಸಮಾಲೋಚನೆ ಹಾಗಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಲೆಯಾಳದಲ್ಲಿ ವ್ಯವಹರಿಸುವವನೂ ತನ್ನ ತಂದೆಯ ಹೊಡೆತವನ್ನೋ, ಹೆಂಡತಿಯ ಮೇಲೆ ತಾನೇ ಎತ್ತಿದ ಕೈಯನ್ನೋ, ಮಗಳ ಮದುವೆಯ ದುಡ್ಡು ಕುಡಿದು ಮುಗಿಸಿದ ನಾಚಿಕೆಯನ್ನೋ ಹೇಳಿಕೊಳ್ಳಬೇಕಾದಾಗ ತುಳುವಿಗೋ ಕನ್ನಡಕ್ಕೋ ಮರಳುತ್ತಾನೆ. ಎದುರಿಗೆ ಕುಳಿತವರಿಗೆ ಅದು ಅರ್ಥವಾಗದಿದ್ದರೆ ‘ಎಲ್ಲ ಸರಿಯಿದೆ’ ಎಂದು ಎದ್ದು ಬರುತ್ತಾನೆ. ಅದಕ್ಕಾಗಿಯೇ ನಮ್ಮ ಉತ್ತರ ಭಾಗದ ಜನ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ; ಅಲ್ಲಿ ಖರ್ಚು ಸ್ವಂತದ್ದು, ಊರಿನಲ್ಲಿ ಮುಂದಿನ ವಿಚಾರಣೆ ಮಾಡುವವರಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಆ ಗಡಿ ಮುಚ್ಚಿದಾಗ ರೋಗಿಗಳು ದಾರಿಯಲ್ಲೇ ಕೊನೆಯುಸಿರೆಳೆದದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಅದೇ ದಿನಗಳಲ್ಲಿ ರಾಜ್ಯದ ಮದ್ಯದಂಗಡಿಗಳೆಲ್ಲ ಒಮ್ಮೆಲೇ ಮುಚ್ಚಿ, ಕುಡಿತ ನಿಂತ ಸಂಕಟದಲ್ಲಿ ಕೇರಳದಲ್ಲಿ ಹಲವರು ಜೀವ ಕಳೆದುಕೊಂಡರು. ವೈದ್ಯರ ಚೀಟಿಯ ಮೇಲೆ ಮದ್ಯ ಕೊಡುವ ಸರಕಾರಿ ಆದೇಶವನ್ನು ಏಪ್ರಿಲ್ 2ರಂದು ಹೈಕೋರ್ಟ್ ತಡೆಹಿಡಿಯಿತು. ಮದ್ಯ ಸಿಗದಂತೆ ಮಾಡುವುದು ಮತ್ತು ಚಟಕ್ಕೆ ಚಿಕಿತ್ಸೆ ಕೊಡುವುದು ಬೇರೆ ಬೇರೆ ಸಂಗತಿಗಳೆಂದು ಆಗಲೇ ನಮ್ಮ ಆಡಳಿತಕ್ಕೆ ಮನದಟ್ಟಾಗಬೇಕಿತ್ತು.

ಚಿಕಿತ್ಸೆಯ ಕೊರತೆ ನಮ್ಮ ಜಿಲ್ಲೆಯದಷ್ಟೇ ಅಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ, 180 ಜನರಲ್ಲಿ ಒಬ್ಬರು ಮಾತ್ರ ಒಳರೋಗಿಯಾಗಿ ದಾಖಲಾಗಿದ್ದಾರೆ. ದೇಶದ ಸರಾಸರಿಯೇ ಹೀಗಿರುವಾಗ, ತನ್ನ ಭಾಷೆಯ ಸಮಾಲೋಚಕರೇ ಇಲ್ಲದ ಕಡೆಯ ಗತಿ ಏನಿರಬಹುದು? ದಾರಿ ತೋಚದವರು ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416, ವಿಮುಕ್ತಿಯ 14405, ಕೇಂದ್ರ ಸರಕಾರದ ನಶಾಮುಕ್ತ ಸಹಾಯವಾಣಿ 14446 ಇವುಗಳಲ್ಲೊಂದಕ್ಕೆ ಕರೆ ಮಾಡಬಹುದು. ಟೆಲಿ ಮಾನಸ್‌ನಲ್ಲಿ ಕನ್ನಡವನ್ನು ಆಯ್ದುಕೊಳ್ಳಲು ಅವಕಾಶವಿದೆ. ಆದರೆ ಫೋನಿನ ಮಾತು ವಾರ ವಾರದ ಮುಖಾಮುಖಿ ಭೇಟಿಗೆ ಬದಲಿಯಾಗದು.

ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ. ಕೇರಳದಲ್ಲಿ ಕುಟುಂಬ ಆರೋಗ್ಯ ಕೇಂದ್ರಗಳೂ ತಾಲೂಕು ಆಸ್ಪತ್ರೆಗಳೂ ಸ್ಥಳೀಯ ಪಂಚಾಯತು, ನಗರಸಭೆಗಳ ಆಡಳಿತದಲ್ಲಿವೆ. ಯೋಜನಾ ನಿಧಿಯಿಂದ ಸಿಬ್ಬಂದಿಯನ್ನು ನೇಮಿಸುವ ದಾರಿ ಅವುಗಳಿಗಿದೆ. ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಲ್ಲಿ ಮತ್ತು 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನಲ್ಲಿ ಡಿಟಾಕ್ಸ್‌ಗೆಂದು ಕೆಲವು ಹಾಸಿಗೆಗಳನ್ನು ಮೀಸಲಿಟ್ಟು, ಕನ್ನಡ ಮತ್ತು ತುಳು ಬಲ್ಲ ಆಪ್ತಸಮಾಲೋಚಕರನ್ನು ನೇಮಿಸಬೇಕು. ನೀಲೇಶ್ವರದಿಂದಾಗಲಿ ಮಂಗಳೂರಿನಿಂದಾಗಲಿ ಬಿಡುಗಡೆಯಾಗಿ ಬಂದವರ ಚೀಟಿಯನ್ನು ಊರಿನ ಆರೋಗ್ಯ ಕೇಂದ್ರವೇ ಪಡೆದುಕೊಂಡು, ಮುಂದಿನ ಒಂದು ವರ್ಷ ಔಷಧ ಮತ್ತು ಭೇಟಿಯ ಹೊಣೆ ಹೊರಬೇಕು. ಮನೆಮನೆಯ ಪರಿಚಯವಿರುವ ಆಶಾ ಕಾರ್ಯಕರ್ತೆಯರಿಗೂ ಕುಟುಂಬಶ್ರೀ ಮಹಿಳಾ ಸ್ವಸಹಾಯ ಸಂಘಗಳ ಅಕ್ಕಂದಿರಿಗೂ ಕುಡಿತ ನಿಂತಾಗಿನ ಅಪಾಯದ ಲಕ್ಷಣಗಳನ್ನು ಕಲಿಸಿಕೊಡಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕರಪತ್ರಗಳು ಕನ್ನಡದಲ್ಲಿ ಅಚ್ಚಾಗಿ, ಕಪಾಟಿನಲ್ಲಿ ಉಳಿಯದೆ ಬಸ್‌ನಿಲ್ದಾಣ ಮತ್ತು ರೇಷನ್ ಅಂಗಡಿಗಳನ್ನು ತಲಪಬೇಕು. ಮಂಜೇಶ್ವರ ಮತ್ತು ಕಾಸರಗೋಡು ಬ್ಲಾಕ್‌ಗಳ ಪಂಚಾಯತು ಸದಸ್ಯರು ಮುಂದಿನ ಗ್ರಾಮಸಭೆಯಲ್ಲಿಯೇ ಈ ಬೇಡಿಕೆಯನ್ನು ನಿರ್ಣಯವಾಗಿ ಅಂಗೀಕರಿಸಿ ಜಿಲ್ಲಾ ವೈದ್ಯಾಧಿಕಾರಿಗಳಿಗೆ ಕಳುಹಿಸಬೇಕೆಂದೂ, ಈ ವಿಚಾರವನ್ನು ತಮ್ಮ ಪತ್ರಿಕೆ ಬೆಂಬಿಡದೆ ಕೇಳುತ್ತಿರಬೇಕೆಂದೂ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಶುಶ್ರೂಷಕಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ